ಏಳರ ಅಪ್ಪ

ಮಕ್ಕಳ ವಾರ್ಡಿನಲ್ಲಿ ಹೆತ್ತವರಿಗೆ ಹೆಸರಿರುವುದಿಲ್ಲ. ಮಗು ಯಾವ ಹಾಸಿಗೆಯಲ್ಲಿ ಮಲಗಿದೆಯೋ ಆ ಹಾಸಿಗೆಯ ಅಂಕಿಯೇ ಅವರ ಹೆಸರು. ಮೂರರ ಅಮ್ಮ, ಐದರ ಅಜ್ಜಿ, ಒಂಬತ್ತರ ಅಪ್ಪ. ಹೊರಗೆ ಜಡ್ಜಮ್ಮನೇ ಆಗಿರಲಿ, ರಸ್ತೆ ಗುಡಿಸುವವಳೇ ಆಗಿರಲಿ, "ನಾಲ್ಕರ ಅಮ್ಮ, ಬಕೆಟ್ ಹಿಡ್ಕೊಂಡು ಬನ್ನಿ" ಎಂದು ಕೂಗಿದರೆ ಎದ್ದು ಬರಲೇಬೇಕು. ಈ ಪದ್ಧತಿ ಯಾರು ಶುರು ಮಾಡಿದರೋ ಯಾರಿಗೂ ನೆನಪಿಲ್ಲ. ಇಪ್ಪತ್ತಾರು ವರ್ಷದಿಂದ ಅದನ್ನು ತಪ್ಪದೆ ನಡೆಸಿಕೊಂಡು ಬಂದವಳು ದೊಡ್ಡ ಸಿಸ್ಟರ್.

ದೊಡ್ಡ ಸಿಸ್ಟರ್ ಎಂದರೆ ಗಾತ್ರದಲ್ಲಿ ದೊಡ್ಡವಳಲ್ಲ. ಮೇಲಿನ ಕಪಾಟಿನಿಂದ ಹತ್ತಿಯ ಸುರುಳಿ ತೆಗೆಯಲು ಆಕೆಗೆ ಈಗಲೂ ಸ್ಟೂಲು ಬೇಕು. ವಾರ್ಡಿಗೆ ಹಿರಿಯಳು, ಅದಕ್ಕೆ ದೊಡ್ಡ ಸಿಸ್ಟರ್. ಬೆನ್ನ ಹಿಂದೆ ನರ್ಸು ಹುಡುಗಿಯರು ಇಟ್ಟ ಹೆಸರು ಬೇರೆ: ಕೆಂಪು ಪೆನ್ನು. ಆಕೆಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ನೀಲಿ ಬರೆಯಲು, ಕೆಂಪು ತಿದ್ದಲು. ಹೊಸದಾಗಿ ಬಂದ ಪ್ರತಿ ನರ್ಸಿಗೂ ಮೊದಲ ದಿನವೇ ಪಾಠ: "ಫೈಲಲ್ಲಿ ತಪ್ಪು ಬರೆದ್ರೆ ಗೀಚಿ ಹಾಕ್ಬಾರ್ದು, ಬಿಳಿ ಬಳೀಬಾರ್ದು. ಒಂದೇ ಒಂದು ನೇರ ಗೆರೆ, ಕೆಂಪಲ್ಲಿ. ಮೇಲೆ ಸರಿ ಬರೀಬೇಕು, ಪಕ್ಕದಲ್ಲಿ ಸಹಿ. ತಪ್ಪೂ ಕಾಣಬೇಕು, ಸರಿಯೂ ಕಾಣಬೇಕು, ಯಾರು ತಿದ್ದಿದ್ದು ಅಂತಾನೂ ಕಾಣಬೇಕು."

"ನಮ್ಮತ್ತೇನೂ ಇಷ್ಟು ಕಾಟ ಕೊಡಲ್ಲ" ಎಂದು ಹುಡುಗಿಯರು ನಗುತ್ತಿದ್ದರು. ಆದರೆ ಔಷಧಿ ಅಳತೆಯಲ್ಲಿ ಆ ವಾರ್ಡಿನಲ್ಲಿ ಒಂದು ಮಗುವಿಗೂ ತಪ್ಪಾಗಿರಲಿಲ್ಲ. ಅದು ಆ ಕೆಂಪು ಪೆನ್ನಿನ ಪುಣ್ಯ ಎಂದು ಅವರಿಗೂ ಗೊತ್ತಿತ್ತು.

ಔಷಧಿ ಸುಲಭ. ಕಷ್ಟವಿದ್ದದ್ದು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ. ಮನೆಯೆಂದರೆ ಒಬ್ಬ ಅಪ್ಪ, ಒಬ್ಬಳು ಅಮ್ಮ, ಮಧ್ಯದಲ್ಲಿ ಮಗು ಎಂದು ದಾಖಲಾತಿ ಫಾರ್ಮು ತಯಾರಿಸಿದ ಮಹಾನುಭಾವ ನಂಬಿದ್ದ. ಅವನು ಯಾವ ಕೋಣೆಯಲ್ಲಿ, ಯಾವ ಫ್ಯಾನಿನ ಕೆಳಗೆ ಕೂತು ಅದನ್ನು ಬರೆದನೋ. ಒಂದೇ ಒಂದು ಬೆಳಿಗ್ಗೆ ಇಲ್ಲಿ ಬಂದು ನಿಂತಿದ್ದರೆ ಸಾಕಿತ್ತು. ಎರಡನೇ ಹಾಸಿಗೆಯ ಹುಡುಗನಿಗೆ ಮಧ್ಯಾಹ್ನದವರೆಗೆ ಅಮ್ಮ, ಮಧ್ಯಾಹ್ನದ ಮೇಲೆ ಅಪ್ಪ. ಇಬ್ಬರೂ ಮೆಟ್ಟಿಲ ಮೇಲೆ ಮುಖಾಮುಖಿಯಾಗದಂತೆ ನೋಡಿಕೊಳ್ಳುವುದು ನರ್ಸುಗಳ ಕೆಲಸ. ಹಾಲು ಕೊಡಬೇಡಿ ಎಂದು ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಮತ್ತೆ ಹೇಳಬೇಕು, ಹೇಳಿದಾಗ "ಅವಳಿಗೆ ಏನಂದ್ರಿ ಮೊದ್ಲು ಅದು ಹೇಳಿ" ಎಂಬ ಜಗಳ ಕೇಳಬೇಕು. ಎಂಟನೇ ಹಾಸಿಗೆಯ ಪಕ್ಕದಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಅಕ್ಕ, ಹದಿನಾರು ವರ್ಷದ ಇನ್ನೊಬ್ಬ ಅಕ್ಕ. "ಮನೇಲಿ ದೊಡ್ಡವರು ಯಾರಮ್ಮ?" ಎಂದರೆ, "ನಾವೇ ಸಿಸ್ಟರ್." ಒಂಬತ್ತರ ಹುಡುಗನ ಕೈಗೆ ಡ್ರಿಪ್ ಹಾಕುವಾಗ ಒಂದು ಕಾಲು ಹಿಡಿದವಳು ಹೆತ್ತವಳು, ಇನ್ನೊಂದು ಕಾಲು ಹಿಡಿದವಳು ಅಪ್ಪನ ಎರಡನೇ ಹೆಂಡತಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಇಬ್ಬರೂ ಕಾಲು ಬಿಡುವುದಿಲ್ಲ. ಜ್ವರ ಏರಿದೆ ಎಂಬ ಮಾತನ್ನು ಯಾರ ಕಿವಿಗೆ ಹಾಕಬೇಕು? ಯಾರಿಗೆ ಹೇಳಿದರೂ ಇನ್ನೊಬ್ಬರ ಕಣ್ಣಲ್ಲಿ ನರ್ಸು ಪಾಪಿ. ನರ್ಸಿಂಗ್ ಶಾಲೆಯಲ್ಲಿ ಸೂಜಿ ಚುಚ್ಚುವುದನ್ನು ಕಲಿಸಿದರು, ಇದನ್ನು ಕಲಿಸಲಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ಕಿರಿಯ ನರ್ಸು "ನಾನು ಮಗುವಿನ ಅಪ್ಪ" ಎಂದವನ ಮಾತು ನಂಬಿ ಮಗುವನ್ನು ಕೈಗೆ ಕೊಟ್ಟಿದ್ದಳು. ಅವನು ಅಪ್ಪನೇ, ಆದರೆ ಮಗುವಿನ ಹತ್ತಿರ ಸುಳಿಯಬಾರದೆಂದು ಕೋರ್ಟು ಹೇಳಿದ್ದ ಅಪ್ಪ. ಮಗು ನಾಲ್ಕು ದಿನ ಸಿಗಲಿಲ್ಲ. ನರ್ಸು ಕೆಲಸ ಕಳೆದುಕೊಂಡಳು. ಅಂದಿನಿಂದ ದೊಡ್ಡ ಸಿಸ್ಟರ್ ಫಾರ್ಮಿನ 'ಸಂಬಂಧ' ಎಂಬ ಕಾಲಮ್ಮನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತಿದ್ದಳು. ಇದನ್ನು ನೆನಪಿಡಬೇಕು. ಆಕೆ ಕೆಟ್ಟವಳಾಗಿರಲಿಲ್ಲ. ಹೆದರಿದ್ದಳು.

ಆಕೆಯ ಮನೆಯಾದರೂ ಆ ಫಾರ್ಮಿಗೆ ಹೊಂದುವಂಥದ್ದೇ? ಎರಡು ಕೋಣೆ, ಒಂದು ಅಡುಗೆಮನೆ, ಆಕೆ ಮತ್ತು ಅತ್ತೆ. ಗಂಡ ಹತ್ತೊಂಬತ್ತು ವರ್ಷದ ಹಿಂದೆ ಇನ್ನೊಬ್ಬಳ ಜೊತೆ ಹೊರಟು ನಿಂತಾಗ ತಾಯಿಯ ಚೀಲವನ್ನೂ ತಾನೇ ಕಟ್ಟಿಟ್ಟಿದ್ದ. ಮುದುಕಿ ಆ ಚೀಲ ಬಿಚ್ಚಿ ಸೀರೆಗಳನ್ನು ಮತ್ತೆ ಕಪಾಟಿನಲ್ಲಿ ಮಡಚಿಟ್ಟಳು. "ಹೆಂಡತಿ ಬದಲಾಯಿಸೋದು ಅವನಿಷ್ಟ. ಸೊಸೆ ಬದಲಾಯಿಸೋ ವಯಸ್ಸಲ್ಲ ನಂದು" ಎಂದಿದ್ದಳಂತೆ. ಅಲ್ಲಿಂದ ಇಬ್ಬರೂ ಒಂದೇ ಟೀವಿಗೆ ಜಗಳಾಡುತ್ತ, ಒಂದೇ ಕೊಡೆಯಲ್ಲಿ ನಡೆಯುತ್ತ ಬದುಕಿದರು. ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಬೇರೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿಯ ಗುಮಾಸ್ತ "ಪೇಶಂಟಿಗೆ ನೀವು ಏನಾಗ್ಬೇಕು?" ಎಂದ. ಮಗ ಬಿಟ್ಟುಹೋದವಳು ಅತ್ತೆಗೆ ಏನಾಗಬೇಕು? ದೊಡ್ಡ ಸಿಸ್ಟರ್ ಕಣ್ಣು ಮಿಟುಕಿಸದೆ ನೀಲಿ ಪೆನ್ನಿನಲ್ಲಿ 'ಮಗಳು' ಎಂದು ಬರೆದಳು. ಯಾರೂ ಕೇಳಲಿಲ್ಲ.

ಇಷ್ಟು ಹೇಳಿದ ಮೇಲೆ ಏಳನೇ ಹಾಸಿಗೆಗೆ ಬರಬಹುದು.

ಆರು ವರ್ಷದ ಹುಡುಗಿ. ಮೂತ್ರಪಿಂಡದ ತೊಂದರೆ, ಬಂದ ದಿನ ಮುಖ ಊದಿ ಕಣ್ಣು ಎರಡು ಗೆರೆಯಂತಾಗಿತ್ತು. ಕರೆದುಕೊಂಡು ಬಂದವನು ಬ್ರೆಡ್ಡಿನ ವ್ಯಾನು ಓಡಿಸುವವನು. ಬೆಳಿಗ್ಗೆ ನಾಲ್ಕಕ್ಕೆ ಬೇಕರಿಯಿಂದ ಹೊರಟು ಊರಿಗೆಲ್ಲ ಬ್ರೆಡ್ಡು ಹಂಚಿ, ಹತ್ತಕ್ಕೆ ಅಂಗಿಗೆ ಬೇಕರಿಯ ವಾಸನೆ ಹೊತ್ತು ವಾರ್ಡಿಗೆ ಬರುತ್ತಿದ್ದ. ಅಲ್ಲಿಯವರೆಗೆ ಪಕ್ಕದ ಹಾಸಿಗೆಯ ಅಕ್ಕಂದಿರು ಹುಡುಗಿಯನ್ನು ನೋಡಿಕೊಳ್ಳುತ್ತಿದ್ದರು. ಹುಡುಗಿಯ ತಾಯಿ ತೀರಿಕೊಂಡು ಎರಡು ವರ್ಷ. ಫಾರ್ಮಿನಲ್ಲಿ ಅವನೇ ದಪ್ಪ ಅಕ್ಷರದಲ್ಲಿ 'ತಂದೆ' ಎಂದು ಬರೆದಿದ್ದ. ವಾರ್ಡಿಗೆಲ್ಲ ಅವನು ಏಳರ ಅಪ್ಪ.

ಏಳರ ಅಪ್ಪನಿಗೆ ಒಂದು ವಿದ್ಯೆ ಗೊತ್ತಿತ್ತು. ಹುಡುಗಿಗೆ ಸೂಜಿಯೆಂದರೆ ಜೀವ ಬಾಯಿಗೆ ಬರುತ್ತಿತ್ತು. ಟ್ರಾಲಿಯ ಚಕ್ರದ ಸದ್ದು ಕೇಳಿದರೇ ಮಂಚದ ಕೆಳಗೆ ಇಳಿಯುತ್ತಿದ್ದಳು. ಅವನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ಕಿವಿಯ ಮೇಲೆ ಅಂಗೈ ಇಟ್ಟು, "ವ್ಯಾನು ಹೊರಟಿತು" ಎನ್ನುತ್ತಿದ್ದ. ಆಮೇಲೆ ಇಬ್ಬರೂ ಸೇರಿ ಬ್ರೆಡ್ಡು ಇಳಿಸುವ ಅಂಗಡಿಗಳನ್ನು ಸಾಲಾಗಿ ಹೇಳುತ್ತಿದ್ದರು. ಮೂಲೆ ಅಂಗಡಿ. ಶಾಲೆ ಕ್ಯಾಂಟೀನು. ಗಾಜಿನ ಬಾಗಿಲು. ಕೆಮ್ಮೋ ತಾತ. ನಾಯಿ ಇರೋ ಅಂಗಡಿ. ನಾಯಿ ಇಲ್ಲದ ಅಂಗಡಿ. ಹೀಗೆ ಹನ್ನೊಂದು. ಹನ್ನೆರಡನೆಯದು ಹುಡುಗಿಯದೇ; ವ್ಯಾನು ಕೊನೆಗೆ ಎಲ್ಲಿ ನಿಲ್ಲಬೇಕೆಂದು ದಿನವೂ ಅವಳೇ ಹೊಸದು ಹೇಳಬೇಕು. ಒಂದು ದಿನ ಆನೆಯ ಬೆನ್ನ ಮೇಲೆ ಎಂದಳು. ಇನ್ನೊಂದು ದಿನ ಚಂದ್ರ. ಮತ್ತೊಂದು ದಿನ, ಸೂಜಿ ಹಿಡಿದಿದ್ದ ಮಕ್ಕಳ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿ, "ಇವರ ಮೂಗಿನೊಳಗೆ" ಎಂದಳು. ವಾರ್ಡೆಲ್ಲ ನಕ್ಕಿತು. ಡಾಕ್ಟರು ಮೂಗು ಮುಟ್ಟಿ ನೋಡಿಕೊಂಡ. ಅಷ್ಟರಲ್ಲಿ ಸೂಜಿ ಹೊರಗೆ ಬಂದಿತ್ತು.

"ನಿಮ್ಮನ್ನ ವಾರ್ಡಿಗೇ ಸೇರಿಸ್ಕೊಳ್ಳೋಣ ಏಳರ ಅಪ್ಪ" ಎಂದಿದ್ದಳು ದೊಡ್ಡ ಸಿಸ್ಟರ್, ಹಾಗೆಲ್ಲ ತಮಾಷೆ ಮಾಡದವಳು. "ವ್ಯಾನಿಗೆ ಬೇರೆ ಡ್ರೈವರ್ ಹುಡುಕ್ಲಿ."

"ಬ್ರೆಡ್ಡು ಯಾರು ಬೇಕಾದ್ರೂ ಹಂಚ್ತಾರೆ ಸಿಸ್ಟರ್" ಎಂದ ಅವನು, ಹುಡುಗಿಯ ಜಡೆಗೆ ರಬ್ಬರ್ ಬ್ಯಾಂಡ್ ಹಾಕುತ್ತ. "ಇವಳ ಜಡೆ ಹಾಕೋಕೆ ಬೇರೆ ಯಾರನ್ನೂ ಬಿಡಲ್ಲ ಇವಳು."

ಹನ್ನೆರಡನೇ ದಿನ ಬೆಳಿಗ್ಗೆ ಹುಡುಗಿಗೆ ಜ್ವರ ಬಂತು. ಒಂದೇ ಗಂಟೆಯಲ್ಲಿ ಹೊಟ್ಟೆ ಕಲ್ಲಿನಂತಾಯಿತು, ತುಟಿ ಬಿಳಿಚಿತು. ನಂಜು ರಕ್ತಕ್ಕೆ ಏರಿದೆ, ಮೇಲಿನ ಮಹಡಿಯ ಐಸಿಯುಗೆ ಸಾಗಿಸಿ ಎಂದ ಡಾಕ್ಟರು. ಅಲ್ಲಿಗೆ ಕಳಿಸುವಾಗ ಫೈಲಿನ ಜೊತೆ ಮಗುವಿನ ಜನನ ಪತ್ರದ ಪ್ರತಿ ಇರಬೇಕು. ಏಳರ ಅಪ್ಪ ಮನೆಗೆ ಓಡಿ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಗದಗಳನ್ನೆಲ್ಲ ಇದ್ದ ಹಾಗೇ ತಂದು ಆಕೆಯ ಮೇಜಿನ ಮೇಲಿಟ್ಟ. ಆ ಪತ್ರವನ್ನು ಯಾರೂ ಓದುವುದಿಲ್ಲ. ಪಿನ್ನು ಹೊಡೆದು ಕಳಿಸುತ್ತಾರೆ, ಅಷ್ಟೆ. ದೊಡ್ಡ ಸಿಸ್ಟರ್ ಓದಿದಳು.

ತಂದೆಯ ಹೆಸರಿನ ಜಾಗದಲ್ಲಿ ಇದ್ದ ಹೆಸರು ಅವನದಲ್ಲ.

"ಇದು ಯಾರು?" ಎಂದಳು.

ಅವನು ನೋಡಿದ. "ಅವಳಮ್ಮನ ಮೊದಲನೇ ಗಂಡ. ಇವಳು ಒಂದು ವರ್ಷದವಳಿದ್ದಾಗ ಬಿಟ್ಟು ಹೋದ."

"ನೀವು?"

"ನಾನು ಆಮೇಲೆ ಬಂದವನು. ಇವಳಿಗೆ ಮಾತು ಬರೋ ಮುಂಚೆ ಬಂದೆ."

"ಮದುವೆ ಕಾಗದ? ಕೋರ್ಟಿಂದ ಏನಾದ್ರೂ?"

"ಕಾಗದ ಮಾಡಿಸೋಣ ಅಂತ ಅವಳಮ್ಮ ಹೇಳ್ತಾನೇ ಇದ್ಲು ಸಿಸ್ಟರ್. ಆಮೇಲೆ ಕಾಯಿಲೆ ಬಿತ್ತು. ಅದರಲ್ಲೇ ಎಲ್ಲ ಹೋಯ್ತು." ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಅವನ ಕಣ್ಣು ಸ್ಟ್ರೆಚರಿನ ಮೇಲಿತ್ತು.

ಆಕೆಯ ಕಣ್ಣ ಮುಂದೆ ಬಂದದ್ದು ನಾಲ್ಕು ದಿನ ಸಿಗದ ಆ ಇನ್ನೊಂದು ಮಗು. ಕೆಂಪು ಪೆನ್ನು ತೆಗೆದಳು. 'ತಂದೆ' ಎಂಬುದರ ಮೇಲೆ ಒಂದು ನೇರ ಗೆರೆ ಎಳೆದಳು. ಮೇಲೆ ಏನು ಬರೆಯಬೇಕು? ಫಾರ್ಮಿನಲ್ಲಿ ಇದ್ದದ್ದು ನಾಲ್ಕೇ: ತಂದೆ, ತಾಯಿ, ಪೋಷಕರು, ಇತರೆ. ಪೋಷಕ ಎನ್ನಲು ಕೋರ್ಟಿನ ಮೊಹರು ಬೇಕು. ಐದು ವರ್ಷ ಹೊತ್ತು, ತೊಳೆದು, ತಿನ್ನಿಸಿ, ಜಡೆ ಹಾಕಿದ್ದಕ್ಕೆ ಮೊಹರು ಬೀಳುವುದಿಲ್ಲ. 'ಇತರೆ' ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ 'ಪರಿಚಿತರು' ಎಂದು ಬರೆದು ಸಹಿ ಮಾಡಿದಳು. ಹನ್ನೊಂದು ದಿನ ವಾರ್ಡೆಲ್ಲ ಅಪ್ಪ ಎಂದು ಕೂಗಿದವನು ಒಂದು ಗೆರೆಗೆ ದಾರಿಹೋಕನಾದ.

ಐಸಿಯು ಬಾಗಿಲಲ್ಲಿ ಕಾವಲಿನವನು ಫೈಲು ನೋಡಿ ಅವನ ಎದೆಗೆ ಕೈ ಅಡ್ಡ ಹಿಡಿದ. "ಅಪ್ಪ" ಎಂದು ಹುಡುಗಿ ಸ್ಟ್ರೆಚರಿನಿಂದ ಕೂಗಿದ್ದು ಬಾಗಿಲು ಮುಚ್ಚುವವರೆಗೆ ಕೇಳಿಸಿತು. ಆಸ್ಪತ್ರೆಯ ಕಚೇರಿ ಕಾನೂನಿನ ಪ್ರಕಾರ ಪತ್ರದಲ್ಲಿದ್ದ ತಂದೆಯನ್ನು ಹುಡುಕಿ ಫೋನು ಮಾಡಿತು. ಬೇರೆ ಊರು, ನಾಳೆ ಬರುತ್ತೇನೆ ಎಂದನಂತೆ. ಏಳರ ಅಪ್ಪ ಕೆಳಗಿನ ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕುಳಿತ.

ಮಧ್ಯಾಹ್ನ ದೊಡ್ಡ ಸಿಸ್ಟರ್ ಮೇಲೆ ಹೋಗಿ ನೋಡಿದಳು. ಹುಡುಗಿಗೆ ಪ್ರಜ್ಞೆಯಿತ್ತು. ಕುತ್ತಿಗೆಯ ನರಕ್ಕೆ ಸೂಜಿ ಹಾಕಬೇಕಿತ್ತು, ಮೂವರು ಹಿಡಿದಿದ್ದರು. ಆಕೆ ಹುಡುಗಿಯ ಕಿವಿಗಳ ಮೇಲೆ ತನ್ನ ಅಂಗೈ ಇಟ್ಟು, "ವ್ಯಾನು ಹೊರಟಿತು. ಮೂಲೆ ಅಂಗಡಿ. ಶಾಲೆ ಕ್ಯಾಂಟೀನು. ಕೆಮ್ಮೋ ತಾತ..." ಎಂದಳು.

"ಅಲ್ಲ" ಎಂದಳು ಹುಡುಗಿ, ಉಸಿರು ಸಾಲದ ದನಿಯಲ್ಲಿ. "ಗಾಜಿನ ಬಾಗಿಲು ಬಿಟ್ಟೋಯ್ತು. ಈಗ ವ್ಯಾನು ವಾಪಸ್ ಹೋಗ್ಬೇಕು."

ವ್ಯಾನು ವಾಪಸ್ ಹೋಗಲಿಲ್ಲ. ಸೂಜಿ ಒಳಗೆ ಹೋಯಿತು. ಹುಡುಗಿ ಅತ್ತದ್ದು ಆಕೆ ಇಪ್ಪತ್ತಾರು ವರ್ಷದಲ್ಲಿ ಕೇಳಿದ ಯಾವ ಅಳುವಿನಂತೆಯೂ ಇರಲಿಲ್ಲ.

ಸಂಜೆ ಮನೆಯಲ್ಲಿ ಆಕೆ ತಟ್ಟೆಯ ಮುಂದೆ ಕುಳಿತು ಊಟ ಮಾಡದೆ ಇದ್ದಾಗ ಅತ್ತೆ ಟೀವಿ ಆರಿಸಿದಳು. ಅದು ದೊಡ್ಡ ವಿಷಯ.

"ಏನೇ, ಯಾರು ಹೋದ್ರು?"

"ಯಾರೂ ಹೋಗಿಲ್ಲ ಅತ್ತೆ." ಆಮೇಲೆ ಎಲ್ಲ ಹೇಳಿದಳು. ಫಾರ್ಮು, ಪತ್ರ, ಗೆರೆ.

ಮುದುಕಿ ವಾಕರನ್ನು ಎಳೆದುಕೊಂಡು ಬಂದು ಎದುರಿಗೆ ಕುಳಿತಳು. "ನನ್ನ ಸೊಂಟ ಮುರಿದಾಗ ನೀನು ಅಲ್ಲಿ ಏನು ಬರೆದೆ?"

ಆಕೆ ತಟ್ಟೆಯ ಅನ್ನ ಕಲಸತೊಡಗಿದಳು.

"ಬಾಯಿಗೆ ಬೀಗ ಬಿತ್ತಾ? ಮಗಳು ಅಂತ ಬರೆದೆ. ಬರೆದಿದ್ದಕ್ಕೆ ಒಳಗೆ ಬಿಟ್ರು. ನಾನು ಕಣ್ಣು ಬಿಟ್ಟಾಗ ಕಂಡದ್ದು ನಿನ್ನ ಈ ಸಿಡುಕು ಮೂತಿ. ಅದಕ್ಕೇ ಬದುಕಿದೆ ಅಂತ ಇಟ್ಕೋ." ಮುದುಕಿ ತಟ್ಟೆಯನ್ನು ಸೊಸೆಯ ಹತ್ತಿರ ಸರಿಸಿದಳು. "ಆ ಗುಮಾಸ್ತ ಕೆಂಪು ಪೆನ್ನು ಇಟ್ಕೊಂಡಿರ್ಲಿಲ್ಲ. ನನ್ನ ಅದೃಷ್ಟ."

ಬೆಳಿಗ್ಗೆ ಆಕೆ ಡ್ಯೂಟಿಗೆ ಒಂದು ಗಂಟೆ ಮೊದಲೇ ಬಂದು ಐಸಿಯುಗೆ ಹೋದಳು. ಅಲ್ಲಿಯ ಹಿರಿಯ ನರ್ಸು ಆಕೆಯ ಕೈಕೆಳಗೆ ಕಲಿತವಳೇ. "ನಂಗೇನು ಕಲ್ಲು ಹೃದಯಾನಾ ಅಕ್ಕಾ? ಅವರನ್ನ ಒಳಗೆ ಬಿಟ್ಬಿಡ್ತಿದ್ದೆ. ಆದ್ರೆ ಪರಿಚಿತರು ಅಂತ ಬರೆದಿರೋದು ನೀವೇ ಅಲ್ವಾ. ಸಹೀನೂ ನಿಮ್ಮದೇ" ಎಂದಳು. ಅವನನ್ನು ಒಳಗೆ ಬಿಡಬೇಕೆಂದು ಆಕೆ ಆಸ್ಪತ್ರೆಯ ಅಧೀಕ್ಷಕರಿಗೆ ಅರ್ಜಿ ಬರೆದಳು. ಅಧೀಕ್ಷಕರು ಮೀಟಿಂಗಿನಲ್ಲಿದ್ದರು, ರೋಗಿಗಳ ಕುಟುಂಬದ ಜೊತೆ ಸೌಜನ್ಯದಿಂದ ವರ್ತಿಸುವುದು ಹೇಗೆ ಎಂಬ ವಿಷಯದ ಮೀಟಿಂಗು. ಮಧ್ಯಾಹ್ನ ಅರ್ಜಿ ವಾಪಸ್ ಬಂತು. ಅಂಚಿನಲ್ಲಿ ಒಂದು ಸಾಲು: 'ತಂದೆಯ ಒಪ್ಪಿಗೆ ಇದ್ದಲ್ಲಿ ಪರಿಶೀಲಿಸಬಹುದು.'

ಪತ್ರದಲ್ಲಿದ್ದ ಆ ತಂದೆ ಬಂದಾಗ ಸಂಜೆಯ ಭೇಟಿ ಸಮಯ. ಇಸ್ತ್ರಿ ಮಾಡಿದ ಅಂಗಿ. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ರಾಕ್ಷಸನೇನಲ್ಲ. ಮಗುವನ್ನು ನೋಡಿ ಹೊರಗೆ ಬಂದಾಗ ಅವನ ಮುಖ ಇಳಿದುಹೋಗಿತ್ತು. ಆಕೆ ಬೆಂಚಿನವನ ವಿಷಯ ತೆಗೆದಳು.

"ಬೇಡ" ಎಂದ.

"ಮಗುಗೋಸ್ಕರ ಸರ್. ಹತ್ತೇ ನಿಮಿಷ."

"ನನ್ನ ನೋಡಿ 'ಇವರು ಯಾವ ಡಾಕ್ಟರ್' ಅಂತ ಕೇಳಿದ್ಲು ಸಿಸ್ಟರ್. ಅವಳು ಅವನನ್ನ ಅಪ್ಪ ಅನ್ನೋದನ್ನ ಪಕ್ಕದಲ್ಲಿ ನಿಂತು ಕೇಳ್ಬೇಕಾ ನಾನು?" ದನಿ ಏರಲಿಲ್ಲ. "ತಪ್ಪು ನಂದೇ. ಗೊತ್ತು. ಆದ್ರೂ ಬೇಡ."

ಮೂರನೇ ದಿನ ಬೆಳಿಗ್ಗೆ ಹುಡುಗಿಯ ಬಾಯೊಳಗೆ ಉಸಿರಾಟದ ನಳಿಕೆ ಇಳಿದಿತ್ತು. ಮಾತಿಲ್ಲ. ಔಷಧಿಯ ಮಂಪರು, ಕಣ್ಣು ಅರೆ ತೆರೆದು ಮುಚ್ಚುತ್ತಿತ್ತು. ದೊಡ್ಡ ಸಿಸ್ಟರ್ ಕೆಳಗಿಳಿದು ಬೆಂಚಿಗೆ ಬಂದಳು. ಅವನು ಎದ್ದು ನಿಂತ. ಎರಡು ದಿನದಿಂದ ವ್ಯಾನು ಓಡಿಸಿರಲಿಲ್ಲ. ಅಂಗಿಯಲ್ಲಿ ಬೇಕರಿಯ ವಾಸನೆ ಇರಲಿಲ್ಲ.

"ಅಂಗಡಿಗಳ ಹೆಸರು ಸಾಲಾಗಿ ಹೇಳಿ" ಎಂದಳು. "ನಾನು ತಪ್ಪು ಹೇಳ್ಬಿಟ್ಟೆ."

ಅವನು ಹೇಳಿದ, ಆಕೆ ಬರೆದುಕೊಂಡಳು. ಮೂಲೆ ಅಂಗಡಿ, ಶಾಲೆ ಕ್ಯಾಂಟೀನು, ಗಾಜಿನ ಬಾಗಿಲು, ಕೆಮ್ಮೋ ತಾತ, ನಾಯಿ ಇರೋ ಅಂಗಡಿ, ನಾಯಿ ಇಲ್ಲದ ಅಂಗಡಿ, ಪೆಟ್ರೋಲ್ ಬಂಕು, ಬಸ್ ನಿಲ್ದಾಣ, ಸಿಡುಕು ಆಂಟಿ, ಲಾಯರ್ ಮೆಟ್ಟಿಲು, ಹುಡುಗಿಯರ ಹಾಸ್ಟೆಲ್ಲು. "ನಾಯಿ ಇಲ್ಲದ ಅಂಗಡಿ ಹತ್ರ ಸ್ವಲ್ಪ ನಿಲ್ಲಬೇಕು" ಎಂದ. "ಅಲ್ಲಿ ಅವಳು ಪಾಪ ಅಂತಾಳೆ. ನಾಯಿ ಇಲ್ವಲ್ಲ, ಅದಕ್ಕೆ. ಅವಳು ಅಂದ ಮೇಲೆ ಮುಂದೆ ಹೋಗಿ."

"ಕೊನೇದು?"

"ಕೊನೇದು ಅವಳೇ ಹೇಳ್ತಾಳಲ್ಲ ಸಿಸ್ಟರ್."

ನಳಿಕೆಯ ಮಾತು ಆಕೆ ಹೇಳಲಿಲ್ಲ. ರೋಗಿಯ ಸ್ಥಿತಿಯನ್ನು ಸಂಬಂಧಿಕರಿಗೆ ಮಾತ್ರ ತಿಳಿಸತಕ್ಕದ್ದು. ಆ ನಿಯಮ ಆಕೆಯ ಮೂಳೆಯೊಳಗೆ ಇಳಿದಿತ್ತು, ಬೇಡವೆಂದರೂ ಹೊರಗೆ ಬರುತ್ತಿರಲಿಲ್ಲ.

ಮೇಲೆ ತಂದೆ ಮಂಚದ ಕಾಲಿನ ಕಡೆ ನಿಂತಿದ್ದ. ಆಕೆ ಹುಡುಗಿಯ ಕಿವಿಗಳ ಮೇಲೆ ಅಂಗೈ ಸಡಿಲವಾಗಿ ಇಟ್ಟು, ಹಾಸಿಗೆಯ ಮೇಲೆ ಚೀಟಿ ಹರಡಿಕೊಂಡು, ಬಗ್ಗಿ ಓದಿದಳು. ನಾಯಿ ಇಲ್ಲದ ಅಂಗಡಿಯ ಹತ್ತಿರ ನಿಂತಳು. ಹುಡುಗಿಯ ರೆಪ್ಪೆ ಅಲುಗಿತೋ, ಯಂತ್ರದ ಗಾಳಿಗೆ ಹಾಗೆ ಕಂಡಿತೋ. ಮುಂದೆ ಹೋದಳು. ಹಾಸ್ಟೆಲ್ಲಿನವರೆಗೆ ಬಂದು ಕಾದಳು. ಯಂತ್ರ ಉಸಿರೆಳೆಯಿತು, ಬಿಟ್ಟಿತು. ವ್ಯಾನು ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ.

"ಏನದು?" ಎಂದ ತಂದೆ.

ಆಕೆ ಹೇಳಿದಳು. ಅವನು ಚೀಟಿ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ. ಆಮೇಲೆ, "ಸಂಜೆ ಅವನು ಬರ್ಲಿ. ನಾನು ಹೊರಗೆ ಹೋಗಿರ್ತೀನಿ" ಎಂದ.

ದೊಡ್ಡ ಸಿಸ್ಟರ್ ಇಪ್ಪತ್ತಾರು ವರ್ಷದಲ್ಲಿ ಆ ಮೆಟ್ಟಿಲುಗಳನ್ನು ಅಷ್ಟು ಬೇಗ ಇಳಿದಿರಲಿಲ್ಲ. "ಒಪ್ಪಿದ್ರು. ಐದಕ್ಕೆ."

ಅವನು ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದ. "ಈಗಲೇ ಆಗಲ್ವಾ ಸಿಸ್ಟರ್?"

ಆಗ ಗಂಟೆ ಹನ್ನೆರಡೂವರೆ. ತಂದೆ ಒಪ್ಪಿದ್ದ. ಮೇಲಿನ ನರ್ಸು ಕಲ್ಲಾಗಿರಲಿಲ್ಲ. ಅಧೀಕ್ಷಕರ ಸಾಲು ಜೇಬಿನಲ್ಲಿತ್ತು. ಆಕೆ ಅವನ ಕೈ ಹಿಡಿದು ಎಳೆದುಕೊಂಡು ಹೋಗಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಆದರೆ ನಾಲಿಗೆ ತಾನಾಗಿಯೇ ಹೊರಳಿತು:

"ಭೇಟಿ ಸಮಯ ಐದಕ್ಕೆ."

"ಸರಿ" ಎಂದ ಅವನು. ಬೈಯಲಿಲ್ಲ, ಬೇಡಲಿಲ್ಲ. ಹೊರಗಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡ. ಮನೆಗೆ ಹೋಗಿ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಹುಡುಗಿಯ ಬಾಚಣಿಗೆ ಮತ್ತು ಎರಡು ಹೊಸ ರಬ್ಬರ್ ಬ್ಯಾಂಡ್ ಜೇಬಿಗೆ ಹಾಕಿಕೊಂಡು ಮೂರಕ್ಕೆಲ್ಲ ಬಂದು ಮತ್ತೆ ಅದೇ ಬೆಂಚಿನಲ್ಲಿ ಕುಳಿತ.

ಮೂರೂವರೆಗೆ ಹುಡುಗಿಯ ಹೃದಯ ನಿಂತಿತು. ಡಾಕ್ಟರು ನಲವತ್ತು ನಿಮಿಷ ಎದೆ ಒತ್ತಿದ. ಆಮೇಲೆ ಕೈ ತೆಗೆದ.

ಸುದ್ದಿಯನ್ನು ಪತ್ರದಲ್ಲಿದ್ದ ತಂದೆಗೆ ಹೇಳಿದರು. 'ಪರಿಚಿತರಿಗೆ' ಹೇಳಲು ಯಾರಿಗೂ ಆದೇಶವಿರಲಿಲ್ಲ. ದೊಡ್ಡ ಸಿಸ್ಟರ್ ಕೆಳಗಿಳಿದು ಬಂದಳು. ಆಕೆ ಮೆಟ್ಟಿಲು ಇಳಿಯುತ್ತಿದ್ದ ರೀತಿ ನೋಡಿಯೇ ಅವನಿಗೆ ತಿಳಿಯಿತು. ಆದರೂ ಗೋಡೆಯ ಗಡಿಯಾರ ನೋಡಿದ. "ಇನ್ನೂ ಐದು ಆಗಿಲ್ಲ" ಎಂದ.

ಆಕೆ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕುಳಿತಳು. ಹಾಗೆ ಯಾರ ಪಕ್ಕದಲ್ಲೂ ಕುಳಿತವಳಲ್ಲ. ಅವನು ಕೇಳಿದ:

"ಬೆಳಿಗ್ಗೆ ಅಂಗಡಿ ಹೆಸರೆಲ್ಲ ಹೇಳಿದ್ರಾ?"

"ಹೇಳಿದೆ. ಸಾಲಾಗಿ."

"ಕೊನೇದು ಏನಂದ್ಲು?"

ಆಕೆ ತನ್ನ ಕೈ ನೋಡಿಕೊಂಡಳು. "ಮನೆ ಅಂದಳು" ಎಂದಳು.

ಅವನು ತಲೆಯೆತ್ತಿ ಆಕೆಯ ಮುಖ ನೋಡಿದ. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು.

"ಮನೆ ಅಂತ ಅವಳು ಯಾವತ್ತೂ ಹೇಳಲ್ಲ ಸಿಸ್ಟರ್. ಮನೆಗೆ ವ್ಯಾನು ಹೆಂಗಿದ್ರೂ ಹೋಗುತ್ತಲ್ಲ, ಅದನ್ನ ಯಾಕೆ ಹೇಳ್ಬೇಕು ಅಂತಾಳೆ." ಮತ್ತೆ ತಲೆ ತಗ್ಗಿಸಿದ. "ಇರ್ಲಿ ಬಿಡಿ. ನೀವಾದ್ರೂ ಏನು ಮಾಡ್ತೀರಿ."

ದೇಹ ಕೊಡುವ ಕಾಗದಕ್ಕೆ ತಂದೆ ಸಹಿ ಹಾಕಿದ. ಹಿಂದಿನ ಬಾಗಿಲಲ್ಲಿ ಗಾಡಿ ನಿಂತಿತ್ತು. ಏಳರ ಅಪ್ಪ ದೂರದಲ್ಲೇ ನಿಂತು, ಬಾಚಣಿಗೆಯನ್ನೂ ರಬ್ಬರ್ ಬ್ಯಾಂಡನ್ನೂ ತಂದೆಯ ಕಡೆ ಚಾಚಿದ. "ಜಡೆ ಬಿಗಿಯಾಗಿ ಹಾಕ್ಬೇಡಿ" ಎಂದ. "ಅವಳಿಗೆ ತಲೆನೋವು ಬರುತ್ತೆ."

ತಂದೆ ಅವುಗಳನ್ನು ತೆಗೆದುಕೊಳ್ಳಲಿಲ್ಲ. ಗಾಡಿಯ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತ. ಏಳರ ಅಪ್ಪ ಒಳಗೆ ಹತ್ತಿ, ಮಂಡಿಯೂರಿ, ಬಿಚ್ಚಿ ಹರಡಿದ್ದ ಕೂದಲನ್ನು ಬಾಚಿ ಜಡೆ ಹಾಕಿದ. ಅಷ್ಟು ಹೊತ್ತೂ ಅವನ ತುಟಿ ಅಲುಗುತ್ತಿತ್ತು. ಏನು ಹೇಳುತ್ತಿದ್ದಾನೆಂದು ದೊಡ್ಡ ಸಿಸ್ಟರಿಗೆ ತಿಳಿದಿತ್ತು. ಮಧ್ಯದಲ್ಲಿ ಒಮ್ಮೆ ಅವನು ನಿಲ್ಲಿಸಿದ್ದನ್ನು ಕಂಡಳು. ನಾಯಿ ಇಲ್ಲದ ಅಂಗಡಿ ಬಂದಿರಬೇಕು.

ಗಾಡಿ ಹೋದ ಮೇಲೆ ಆಕೆ ವಾರ್ಡಿಗೆ ಬಂದು, ಕಚೇರಿಗೆ ಹೋಗಬೇಕಿದ್ದ ಫೈಲು ತೆರೆದಳು. ಕೆಂಪು ಪೆನ್ನಿನಿಂದ 'ಪರಿಚಿತರು' ಎಂಬುದರ ಮೇಲೆ ಒಂದು ನೇರ ಗೆರೆ ಎಳೆದು, ಮೇಲೆ 'ತಂದೆ' ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದಳು. ವಾರದೊಳಗೆ ನೋಟೀಸು ಬಂತು: ತಿದ್ದಿದ್ದನ್ನು ಮತ್ತೆ ತಿದ್ದಿದ್ದೇಕೆ, ಯಾವ ದಾಖಲೆಯ ಆಧಾರದ ಮೇಲೆ? ಮಗು ಸಾಯುವಾಗ ಏನೂ ಕೇಳದ ಆಸ್ಪತ್ರೆ ಒಂದು ಶಬ್ದಕ್ಕೆ ಮೂರು ಪುಟದ ವಿವರಣೆ ಕೇಳಿತು. ಆಕೆ ಒಂದು ಸಾಲು ಬರೆದು ಕಳಿಸಿದಳು: 'ಮೊದಲ ತಿದ್ದುಪಡಿ ತಪ್ಪು, ಮಾಡಿದವಳು ನಾನು.' ಒಂದು ವರ್ಷದ ವೇತನ ಬಡ್ತಿ ನಿಂತಿತು. ಅತ್ತೆಗೆ ಹೇಳಿದಾಗ ಮುದುಕಿ ಟೀವಿಯ ರಿಮೋಟನ್ನು ಸೊಸೆಯ ಕೈಗೆ ಕೊಟ್ಟಳು.

ಈಗ ಮಗು ಸೇರಿಸಲು ಯಾರು ಬಂದರೂ ಆಕೆ "ನೀವು ಇವನಿಗೆ ಏನಾಗ್ಬೇಕು?" ಎಂದು ಕೇಳಿ, ಹೇಳಿದ್ದನ್ನು ನೀಲಿಯಲ್ಲಿ ಬರೆಯುತ್ತಾಳೆ. ಬರೆದು ಮಗುವಿನ ಮುಖ ನೋಡುತ್ತಾಳೆ. ಜನನ ಪತ್ರಕ್ಕೆ ಪಿನ್ನು ಹೊಡೆಯುತ್ತಾಳೆ, ಓದುವುದಿಲ್ಲ. ನಾಲ್ಕು ದಿನ ಸಿಗದ ಆ ಮಗು ಇನ್ನೂ ನೆನಪಿಗೆ ಬರುತ್ತದೆ. ಈ ಭಯವನ್ನೂ ಆ ತಪ್ಪನ್ನೂ ಒಬ್ಬಳೇ ನರ್ಸಿನ ತಲೆಗೆ ಕಟ್ಟಿ, ಫಾರ್ಮು ಮಾಡಿದವರು ಫ್ಯಾನಿನ ಕೆಳಗೆ ನೆಮ್ಮದಿಯಾಗಿದ್ದಾರೆ. ಕಾಲಮ್ಮಿನಲ್ಲಿ ಈಗಲೂ ನಾಲ್ಕೇ.

ಏಳನೇ ಹಾಸಿಗೆಗೆ ಹುಡುಗಿ ತೀರಿಕೊಂಡ ಮಾರನೇ ದಿನವೇ ಕಾಲು ಮುರಿದ ಹುಡುಗನೊಬ್ಬ ಬಂದ. ಮಧ್ಯಾಹ್ನ ಔಷಧಿ ಹಂಚುತ್ತಿದ್ದ ಕಿರಿಯ ನರ್ಸು ಬಾಗಿಲಿಗೆ ಬಂದು, "ಏಳರ ಅಪ್ಪ, ಒಳಗೆ ಬನ್ನಿ" ಎಂದು ಎಂದಿನಂತೆ ಕೂಗಿದಳು. ಯಾರೋ ಅಪರಿಚಿತ ಎದ್ದು ಬಂದ. ದೊಡ್ಡ ಸಿಸ್ಟರ್ ಸ್ಟೂಲಿನ ಮೇಲೆ ನಿಂತು ಹತ್ತಿಯ ಸುರುಳಿ ತೆಗೆಯುತ್ತಿದ್ದವಳು ಹಾಗೇ ತಿರುಗಿ ಮೆಟ್ಟಿಲ ಪಕ್ಕದ ಬೆಂಚಿನ ಕಡೆ ನೋಡಿದಳು. ನೋಡುತ್ತಲೇ ಇದ್ದಳು.